ಬೇಗಂ ಪ್ರಾರ್ಥನೆಗೆ ಕೂತಿಲ್ಲ

ಬೀದರ
12 ಆಗಸ್ಟ್ 2024

ದೊರ್ಕಾ ಆಂಟಿಗೆ,
ಜೈಭೀಮ.

ಇವತ್ತು ಬೆಳಿಗ್ಗೆ ಬೇಗಂನ ಒಂದು ಕಿವಿ ಮಾತ್ರ ನಿದ್ದೆ ಮಾಡುತ್ತಿರಲಿಲ್ಲ. ನಿಮ್ಮ ಮಂಚದ ಕೆಳಗೆ ಮೈಯೆಲ್ಲ ಸುತ್ತಿಕೊಂಡು, ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡು ಮಲಗಿದ್ದಳು. ಕಣ್ಣು ಮುಚ್ಚಿತ್ತು, ಉಸಿರು ನಿಧಾನವಾಗಿತ್ತು. ಎಡಗಿವಿ ಮಾತ್ರ ನಾನು ಹೋದ ಕಡೆಗೆಲ್ಲ ತಿರುಗುತ್ತಿತ್ತು. ನಾನು ಒಲೆಯ ಹತ್ತಿರ ಹೋದರೆ ಒಲೆಯ ಕಡೆ, ಬಚ್ಚಲಿಗೆ ಹೋದರೆ ಬಚ್ಚಲ ಕಡೆ. ಕಾವಲಿಗೆ ಒಂದು ಕಿವಿಯನ್ನು ಇಟ್ಟು ಉಳಿದ ಬೆಕ್ಕೆಲ್ಲ ಮಲಗಿತ್ತು.

ನೀವು ಔರಾದಕ್ಕೆ ಹೊರಟಾಗ, ಶಾಲೋಮ ಅಕ್ಕನ ಬಾಣಂತನ ಮುಗಿಯುವ ತನಕ ಮನೆ, ಬೆಕ್ಕು ಎರಡೂ ನಿನ್ನವು ಎಂದಿರಿ. ಮನೆ ನನ್ನನ್ನು ಒಪ್ಪಿಕೊಂಡಿದೆ. ಬೆಕ್ಕು ಇನ್ನೂ ಇಲ್ಲ.

ಫೋನ್ ಮಾಡಬಹುದಿತ್ತು. ಆದರೆ ಮೊನ್ನೆ ಮಾಡಿದಾಗ ನಾನು "ಬೆಕ್ಕು ಹಾಲು ಕುಡೀವಲ್ದು" ಅಂದೆ, ನೀವು "ಬಾಗಲಾ ಕೂಡವಲ್ದಂದ್ರ ಎಣ್ಣಿ ಹಾಕು" ಅಂದಿರಿ. ನಿಮ್ಮ ಕಿವಿಗೆ ಜೋರು ದನಿ ಬೇಕು, ನನ್ನ ದನಿ ಮೇಲೇಳುವುದಿಲ್ಲ. ನಮ್ಮಿಬ್ಬರಿಗೆ ಕಾಗದವೇ ಸರಿ.

ನಿನ್ನೆ ಒಮ್ಮೆ ಅಂಗಳದಲ್ಲಿ ಅಂಗಾತ ಬಿದ್ದು ಹೊಟ್ಟೆ ತೋರಿಸಿದಳು. ಕರೆಯುತ್ತಿದ್ದಾಳೆಂದು ಕೈ ಇಟ್ಟೆ. ಮಣಿಕಟ್ಟಿನ ಮೇಲೆ ಕೆಂಪು ಗೆರೆ ಎಳೆದು ಓಡಿಹೋದಳು. ಪಕ್ಕದ ಮನೆಯ ವಜೀರಬೀ ಗೋಡೆಯ ಮೇಲಿಂದ ನೋಡಿ ನಕ್ಕರು: "ಬೇಗಂ ಸಹಿ ಮಾಡ್ಯಾಳ ಬೇಟಿ! ಇನ್ನ ನೀ ಪಕ್ಕಾ ಈ ಮನಿಯಾಕಿ." ಮರಿಯನ್ನು ನಿಮಗೆ ಕೊಟ್ಟವರು ಅವರೇ ಅಲ್ಲವೇ, ಅದಕ್ಕೇ ಅವಳ ಪರವಾಗಿಯೇ ಮಾತಾಡುತ್ತಾರೆ.

ನೀವು ಅವಳ ಒಂದೊಂದು ಭಂಗಿಗೂ ಒಂದು ಹೆಸರು ಇಟ್ಟಿದ್ದಿರಿ. ನನಗೆ ಗೊತ್ತಿರುವುದು "ಪ್ರಾರ್ಥನಿ" ಒಂದೇ. ಉಳಿದದ್ದನ್ನು ಬರೆದು ಕಳಿಸುತ್ತೀರಾ?

ನಿಮ್ಮ ಮುಂದಿನ ಕೋಣೆಯ,
ಸಪನಾ

*

ಔರಾದ
20 ಆಗಸ್ಟ್ 2024

ಸಪನಾ,

ಮೊದ್ಲ ಕೈ ಸಾಬೂನ ಹಚ್ಚಿ ತೊಳಿ, ಆಮ್ಯಾಲ ಓದು.

ಹೊಟ್ಟಿ ತೋರ್ಸಿದ್ರ "ನಿನ್ನ ನಂಬ್ತೀನಿ" ಅಂತ ಅರ್ಥ, "ಕೈ ಹಾಕು" ಅಂತ ಅಲ್ಲ. ನೀ ನಮ್ಮ ಮನಿಗಿ ಬಾಡಿಗಿ ಬಂದ ದಿನ ಟ್ರಂಕ್ ತೆರದು ಇಟ್ಟಿದ್ದಿ. ಹಂಗಂತ ನಾ ಅದರಾಗ ಕೈ ಹಾಕ್ದೆನಾ?

ಬಾಲಾ ಮೂಗಿನ ಮ್ಯಾಲ ಹೊತ್ಕೊಂಡು ಸುತ್ತಿ ಮಲಗೋದು ಜಿಲೇಬಿ. ಥಂಡಿ ಆದಾಗ ಹಂಗ ಮಲಗ್ತಾಳ, ಮನಸಿಗಿ ಥಂಡಿ ಆದಾಗೂ ಹಂಗೇ ಮಲಗ್ತಾಳ. ಬಿಟ್ಟು ಬಿಡು, ತಾನೇ ಬಿಚ್ಕೊಳ್ತಾಳ. ಮಗ್ಗಲಾಗಿ ಬಿದ್ದು ಕೈ ಕಾಲು ಚಾಚಿ, ಲೋಡಿಗಿ ಒರಗಿದಂಗ ಇದ್ರ ಅದು ನವಾಬ. ಆವತ್ತು ಆಕಿ ಮನಿ ಕಬ್ಜಾ ಮಾಡ್ಯಾಳ ಅಂತ ತಿಳ್ಕೋ. ಕೈ ಎರಡೂ ಎದಿ ಕೆಳಗ ಮಡಚಿ, ಕಣ್ಣು ಅರ್ಧ ಮುಚ್ಚಿ ಕುಂತ್ರ ಪ್ರಾರ್ಥನಿ. ನಮ್ಮ ಪರ್ಲ ಟೀಚರ್ ಪ್ರಾರ್ಥನಾ ಕೂಟಕ್ಕ ಬಂದಾಗೆಲ್ಲ "ಸಂಡೇ ಸ್ಕೂಲ್ ಹುಡುಗುರಿಗಿಂತ ಇಕೀನೇ ಶ್ಯಾಣ್ಯಾ" ಅಂತಾಳ.

ಕಿವಿ ಹೋದ ಮ್ಯಾಲ ನಾ ಮಂದಿ ಮೈ ನೋಡೇ ಅರ್ಧ ಮಾತು ತಿಳ್ಕೊಳ್ತೀನಿ. ಆದ್ರ ಮಂದಿ ಮೈಲೇನೂ ಸುಳ್ಳು ಹೇಳ್ತಾರ. ಬೆಕ್ಕಿಗಿ ಅದು ಬರಲ್ಲ.

ಶಾಲೋಮಗ ಕಾಲು ಬಾತಾವ. ಉಪ್ಪು ಕಡಿಮಿ ಮಾಡ್ಸೀನಿ. ಒಂದು ಮಾತು, ಹೊರಗಿನ ಗಂಡು ಬೆಕ್ಕು ಬಂದು ಕಿಡಕಿ ಪಡದಾಕ್ಕ ಉಚ್ಚಿ ಹಾರಸ್ತದ. ಸಂಜಿಗಿ ಕಿಡಕಿ ಹಾಕು.

ನಿನ್ನ,
ದೊರ್ಕಾ ಆಂಟಿ

*

ಬೀದರ
9 ಸೆಪ್ಟೆಂಬರ್ 2024

ಆಂಟಿಗೆ,

ನವಾಬರು ಬಂದಿದ್ದಾರೆ!

ಪ್ರೆಸ್ಸಿನಿಂದ ಪ್ರೂಫ್ ನೋಡಲು ತಂದ ಮದುವೆ ಪತ್ರಿಕೆಗಳ ಮೇಲೆ ನಿನ್ನೆ ಮಧ್ಯಾಹ್ನ ಬೇಗಂ ಉದ್ದಕ್ಕೆ ಚಾಚಿಕೊಂಡಳು. ಒಂದು ಕಾಲು ಮೇಜಿನ ಅಂಚಿನಿಂದ ಕೆಳಗೆ ಜೋತಾಡುತ್ತಿತ್ತು, ಇನ್ನೊಂದು ವಧುವಿನ ಹೆಸರಿನ ಮೇಲಿತ್ತು. ನಾನು ಏಳಿಸಲಿಲ್ಲ. ಪ್ರೆಸ್ಸಿನವರಿಗೆ ವರನ ಕಡೆಯ ತಪ್ಪುಗಳನ್ನಷ್ಟೇ ತಿದ್ದಿ ಕೊಟ್ಟೆ.

ಈಗ ದಿನವೂ ನೋಡುತ್ತೇನೆ. ಬೆನ್ನು ತಿರುಗಿಸಿ ಕೂತರೆ ಸಿಟ್ಟೆಂದುಕೊಂಡಿದ್ದೆ. ಅಲ್ಲ. ನಂಬಿಕೆ ಇಲ್ಲದ ಕಡೆಗೆ ಅವಳು ಮುಖವಿಟ್ಟೇ ಕೂರುತ್ತಾಳೆ. ನಂಬಿದವರಿಗೆ ಬೆನ್ನು ಕೊಡುತ್ತಾಳೆ. ನಿಮ್ಮ "ಪ್ರಾರ್ಥನಿ"ಯಲ್ಲಿ ಅವಳ ಪಂಜಗಳು ಕಾಣುವುದೇ ಇಲ್ಲ ಎಂಬುದನ್ನು ಗಮನಿಸಿದ್ದೀರಾ? ಕೈ ಒಳಗೆ ಮಡಚಿಟ್ಟುಕೊಂಡರೆ ಎದ್ದು ಓಡಲು ತಡವಾಗುತ್ತದೆ. ಓಡಬೇಕಾಗಿಲ್ಲ ಎಂಬ ಧೈರ್ಯ ಇದ್ದಾಗಲೇ ಹಾಗೆ ಕೂರುತ್ತಾಳೆ.

ಹೊಟ್ಟೆ ಗುಂಡಗಾಗಿದೆ. ವಜೀರಬೀ ನೋಡಿ, "ಬೇಗಂ ಬಸರಿ ಆಗ್ಯಾಳ, ನಿಮ್ಮ ಸಿಸ್ಟರಮ್ಮಗ ಎರಡೂ ಕಡಿ ಬಾಣಂತನ" ಅಂದರು. ಕಿಟಕಿ ಹಾಕಿಯೇ ಇಡುತ್ತೇನೆ, ಆದರೂ ಪರದೆಗೆ ವಾಸನೆ ಬರುವುದು ನಿಂತಿಲ್ಲ. ಆ ಗಂಡು ಬೆಕ್ಕು ಎಲ್ಲಿಂದ ಒಳಗೆ ಬರುತ್ತದೋ ತಿಳಿಯದು.

ಸಪನಾ

*

ಔರಾದ
15 ಸೆಪ್ಟೆಂಬರ್ 2024

ಸಪನಾ,

ಬಸರಿನೇ. ನೀ ಬರದಿದ್ದು ಓದಿದ ಕೂಡ್ಲೇ ತಿಳೀತು. ನಾ ನರ್ಸ್ ಇದ್ದಾಗ ಅರ್ಧ ಬೀದರ ನನ್ನ ಕೈಯಾಗ ಹುಟ್ಟ್ಯದ, ಒಂದು ಬೆಕ್ಕಿಂದು ತಿಳಿಯಂಗಿಲ್ಲಾ?

ಒಣ ಮೀನು ಜಾಸ್ತಿ ಹಾಕು, ಶಕ್ತಿ ಬೇಕಾಗ್ತದ. ಬಿದರಿನ ಬುಟ್ಟಿದಾಗ ನನ್ನ ಹಳಿ ಸೀರಿ ಹಾಸಿ ಕತ್ತಲಿ ಮೂಲ್ಯಾಗ ಇಡು. ದಿನ ಹತ್ರ ಬಂದಾಗ ಆಕಿ ಉಣ್ಣಂಗಿಲ್ಲ. ಮುದುಡಿ ಕೂಡ್ತಾಳ. ಉಚ್ಚಿಗಿ ಇಟ್ಟ ಬೂದಿ ತಟ್ಟಿಗಿ ಪದೇ ಪದೇ ಹೋಗಿ ಕುಂತು ಖಾಲಿ ಬರ್ತಾಳ, ಒದರ್ತಾಳ. ಹೆದರಬ್ಯಾಡ. ಅದು ಹೆರಿಗಿ ಬ್ಯಾನಿ.

ಒಂದು ಮಾತು ಗಟ್ಟಿ ನೆನಪಿಡು. ಆ ಹೊತ್ತಿನಾಗ ಆಕೀನ ಎತ್ತಿ ದವಾಖಾನಿ ಗಿವಾಖಾನಿ ಅಂತ ತಿರಗಾಡಬ್ಯಾಡ. ಜಾಗ ಬದ್ಲಿ ಆದ್ರ ಬೆಕ್ಕು ಹೆದರಿ ಮರಿ ತಿಂದು ಬಿಡ್ತದ. ನೀ ಸುಮ್ನ ಇರು ಅಷ್ಟೇ. ನಿಂಗ ಸುಮ್ನ ಇರೋದು ಹೇಳಿಕೊಡೋದು ಬ್ಯಾಡಲ್ಲ!

ಆಂಟಿ

*

ಬೀದರ
5 ಅಕ್ಟೋಬರ್ 2024, ಶನಿವಾರ ಬೆಳಿಗ್ಗೆ

ಆಂಟಿಗೆ,

ನೀವು ಬರೆದಂತೆಯೇ ಎಲ್ಲ ಆಗುತ್ತಿದೆ. ನಿನ್ನೆ ಮಧ್ಯಾಹ್ನದಿಂದ ಬೇಗಂ ಉಣ್ಣುತ್ತಿಲ್ಲ. ಬೂದಿ ತಟ್ಟೆಗೆ ಹೋಗುತ್ತಾಳೆ, ಕೂರುತ್ತಾಳೆ, ಏನೂ ಆಗದೆ ಬರುತ್ತಾಳೆ. ವಜೀರಬೀ ಹಾಲು ಕಾಸಿ ಇಟ್ಟುಕೊಂಡಿದ್ದಾರೆ. ನಿನ್ನೆ ಸಂಜೆ ಕೂಟಕ್ಕೆ ಬಂದ ಪರ್ಲ ಟೀಚರ್ ಅವಳು ಬಚ್ಚಲ ಹತ್ತಿರ ಫರಸಿ ಕಲ್ಲಿನ ಮೇಲೆ ಮುದುಡಿ ಕೂತದ್ದನ್ನು ನೋಡಿ, "ನೋಡ್ರಿ, ಸುಖವಾಗಿ ಹಡೀಲಿ ಅಂತ ಪ್ರಾರ್ಥನಿ ಮಾಡ್ಲತ್ತಾಳ" ಅಂದರು. ಎಲ್ಲರೂ "ಆಮೆನ್" ಅಂದು ನಕ್ಕರು. ನಾನೂ ನಕ್ಕೆ.

ಆದರೆ ಆಂಟಿ, ಪಂಜಗಳು ಕಾಣುತ್ತಿವೆ.

ನಾಲ್ಕೂ ಪಂಜಗಳನ್ನು ನೆಲಕ್ಕೆ ಒತ್ತಿ ಕೂತಿದ್ದಾಳೆ. ಬೆನ್ನು ಗೂನಾಗಿ, ತಲೆ ಭುಜಕ್ಕಿಂತ ಕೆಳಗಿದೆ. ಕಣ್ಣು ನೆಮ್ಮದಿಗೆ ಮುಚ್ಚಿದ್ದಲ್ಲ, ಬಿಗಿ ಹಿಡಿದದ್ದು. ಬುಟ್ಟಿಯ ಕಡೆ ಒಮ್ಮೆಯೂ ಹೋಗಿಲ್ಲ. ಮಗ್ಗಲಾಗುವುದಿಲ್ಲ. ದೂರದಿಂದ ನೋಡಿದರೆ ಪ್ರಾರ್ಥನೆಯೇ. ಹತ್ತಿರದಿಂದ ನೋಡಿದರೆ ಏನನ್ನೋ ಹೊತ್ತುಕೊಂಡು ಕೂತವರ ಹಾಗೆ.

ಈ ಕೂರುವಿಕೆ ನನಗೆ ಗೊತ್ತು. ಹೊಸಬರ ಮುಂದೆ ನಾನು ಕುರ್ಚಿಯ ಅಂಚಿನಲ್ಲಿ ಹೀಗೆಯೇ ಕೂರುತ್ತೇನೆ, ಎರಡೂ ಪಾದ ನೆಲಕ್ಕೆ ಒತ್ತಿ. ಆಗೆಲ್ಲ ಜನ ಅವ್ವನಿಗೆ ಹೇಳುತ್ತಾರೆ: "ನಿಮ್ಮ ಹುಡುಗಿ ಎಷ್ಟು ಶಾಂತ ಇದ್ದಾಳ್ರಿ." ಒಳಗೆ ಏನಾಗುತ್ತಿರುತ್ತದೆ ಎಂದು ನನಗೆ ಗೊತ್ತು.

ಶಾಲೋಮ ಅಕ್ಕನ ಫೋನ್ ಬಂದ್ ಆಗಿದೆ. ನೀವು ಬೇಡ ಅಂದಿದ್ದೀರಿ. ನಾನು ತಪ್ಪಿದರೆ ಮರಿಗಳು ಹೋಗುತ್ತವೆ, ನಿಮ್ಮ ಮುಂದೆ ನಿಲ್ಲಲು ನನಗೆ ಮುಖ ಇರುವುದಿಲ್ಲ. ಸುಮ್ಮನಿದ್ದರೆ ಬೇಗಂ ಹೋಗುತ್ತಾಳೆ ಅಂತ ಅನ್ನಿಸುತ್ತಿದೆ.

ಬುಟ್ಟಿಗೆ ಮುಚ್ಚಳ ಕಟ್ಟಿದ್ದೇನೆ. ಇದನ್ನು ದಾರಿಯಲ್ಲಿ ಪೋಸ್ಟಿಗೆ ಹಾಕಿ ಸಾಜಿದ ಡಾಕ್ಟರ ದನಗಳ ದವಾಖಾನೆಗೆ ಹೋಗುತ್ತೇನೆ.

ಸಪನಾ

*

ಔರಾದ
6 ಅಕ್ಟೋಬರ್ 2024

ಸಪನಾ,

ಹೆಣ್ಣು ಕೂಸು! ನಿನ್ನೆ ನಸುಕಿನಾಗ. ತಾಯಿ ಮಗಳು ಇಬ್ಬರೂ ಛಲೋ ಇದ್ದಾರ. ಕೂಸಿನ ದನಿ ನನ್ನ ಕಿವಿಗೇ ಕೇಳಸ್ತು ಅಂದ್ರ ನೋಡು.

ಈ ಧಾವತಿನಾಗ ಫೋನ್ ಚಾರ್ಜ ಮಾಡೋದೂ ಆಗಿಲ್ಲ. ನಿನ್ನ ಕಾಗದ ಯಾವುದೂ ಬಂದಿಲ್ಲ. ಬೇಗಂ ಹಡದಳೇನು? ಎಷ್ಟು ಮರಿ? ಯಾವ ಬಣ್ಣ? ವಜೀರಬೀಗ ಒಂದು ಕೊಡು, ಪರ್ಲ ಟೀಚರಿಗಿ ಒಂದು. ಉಳಿದದ್ದು ನಾ ಬಂದು ನೋಡ್ತೇನಿ.

ಅಜ್ಜಿ ಆದ,
ದೊರ್ಕಾ

*

ಬೀದರ
9 ಅಕ್ಟೋಬರ್ 2024

ಅಜ್ಜಿಯಾದ ಆಂಟಿಗೆ,

ಕೂಸಿಗೆ ನನ್ನ ಮುತ್ತು. ನಿಮ್ಮ ಪ್ರಶ್ನೆಗೆ ಮೊದಲು ಉತ್ತರ: ಮರಿ ಒಂದೂ ಇಲ್ಲ. ಯಾವತ್ತೂ ಆಗುವುದಿಲ್ಲ. ಗಾಬರಿಯಾಗಬೇಡಿ, ಬೇಗಂ ಇದೀಗ ನನ್ನ ಪಕ್ಕದಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಾಳೆ. ಅಲ್ಲ, ಹೊಡೆಯುತ್ತಿದ್ದಾನೆ. ಹೇಳುತ್ತೇನೆ, ಕೇಳಿ.

ದವಾಖಾನೆ ತುಂಬ ಆಡುಗಳು. ಮೇಜಿನ ಹಿಂದೆ ಕಂಪೌಂಡರ್ ಒವೈಸ್ ಭಾಯಿ ಕೂತಿದ್ದರು, ಗಡ್ಡ ನರೆತವರು. ತಲೆ ಎತ್ತದೆ ಕೇಳಿದರು.

"ಏನಾಗ್ಯದ?"

"ಕೂತದ್ದು ಸರಿ ಇಲ್ಲ" ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ಹಾಂ? ಹೆಸರು? ಗಂಡೋ ಹೆಣ್ಣೋ?"

"ಬೇಗಂ. ಹೆಣ್ಣು. ಬಸರಿ ಅಂತಾರೆ…"

"ಅಂದ್ರ ಹಡೀಲಿಕ್ಕಿ ಬಂದದ. ಮನಿಗಿ ಒಯ್ರಿ ಬಾಯಿ, ಬೆಕ್ಕು ತಾನೇ ಹಡೀತದ. ಡಾಕ್ಟರ್ ಸಾಬ್ ಆಡಿನ ಆಪರೇಶನ್‌ನಾಗ ಇದ್ದಾರ. ಬೇಕಾದ್ರ ನಾಳೆ ಬರ್ರಿ."

ನಾನು "ಹೂಂ" ಅಂದು ಹೊರಗೆ ಬಂದೆ. ಖರೆ ಹೇಳುತ್ತೇನೆ ಆಂಟಿ, ಮೆಟ್ಟಿಲು ಇಳಿದೂ ಬಿಟ್ಟೆ. ನೀವು ಹೇಳಿದ್ದನ್ನೇ ಅವರೂ ಹೇಳಿದ್ದರು. ಆಟೋ ಕರೆಯುವ ಮೊದಲು ಮುಚ್ಚಳ ಎತ್ತಿ ನೋಡಿದೆ. ಅಲುಗಾಡುವ ಬುಟ್ಟಿಯಲ್ಲೂ ಹಾಗೆಯೇ ಕೂತಿದ್ದಳು. ಪಂಜದ ಬೆರಳುಗಳು ಅಗಲಾಗಿ ನಿಮ್ಮ ಸೀರೆಯನ್ನು ಒತ್ತಿ ಹಿಡಿದಿದ್ದವು. ನನ್ನನ್ನು ನೋಡಲಿಲ್ಲ. ಯಾರನ್ನೂ ನೋಡುವಷ್ಟು ಬಿಡುವು ಅವಳಿಗಿರಲಿಲ್ಲ.

ಆಮೇಲೆ ಆದದ್ದು ನನಗೇ ಸರಿಯಾಗಿ ನೆನಪಿಲ್ಲ. ವಾಪಸು ಒಳಗೆ ಹೋಗಿ, ಬುಟ್ಟಿಯನ್ನು ಒವೈಸ್ ಭಾಯಿಯ ಮೇಜಿನ ಮೇಲೆ, ಅವರ ಚಹಾದ ಪಕ್ಕದಲ್ಲಿಟ್ಟು ಒದರಿದೆನಂತೆ:

"ಇದು ಪ್ರಾರ್ಥನಿ ಅಲ್ರೀ!"

ಇಡೀ ದವಾಖಾನೆ ನನ್ನ ಕಡೆ ತಿರುಗಿತು. ಆಡುಗಳೂ. ಕಮಠಾಣದಿಂದ ಬಂದ ಒಬ್ಬ ಅಜ್ಜ ಪಕ್ಕದವರನ್ನು ಕೇಳಿದ: "ಯಾರ ಪ್ರಾರ್ಥನಿ ಅಂತ?"

ನಾನು ನಿಲ್ಲಿಸಲಿಲ್ಲ. ಪ್ರಾರ್ಥನೆಯಲ್ಲಿ ಕೈ ಒಳಗಿರುತ್ತದೆ, ಇಲ್ಲಿ ಹೊರಗಿದೆ; ಹಡೆಯುವ ಬೆಕ್ಕು ಕತ್ತಲು ಮೂಲೆ ಹುಡುಕುತ್ತದೆ, ಇದು ತಣ್ಣನೆ ಫರಸಿ ಹುಡುಕುತ್ತದೆ; ಮಲಗಬೇಕಾದದ್ದು ಮಲಗುತ್ತಿಲ್ಲ; ಇದು ನಾಳೆಯ ತನಕ ಇರುವುದಿಲ್ಲ, ನಾನು ಹೋಗುವುದೂ ಇಲ್ಲ. ಎಲ್ಲವನ್ನೂ ಜೋರಾಗಿ ಹೇಳಿದೆ. ನನ್ನ ದನಿಗೆ ಇಷ್ಟು ಜಾಗ ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಒಳಗಿನ ಬಾಗಿಲು ತೆರೆಯಿತು. ಸಾಜಿದ ಡಾಕ್ಟರು ಕೈಗವಸು ಕಳಚುತ್ತ ಬಂದರು. "ಕೈ ಹೊರಗ ಇಟ್ಟದ ಅಂದ್ರಲ್ಲ, ಯಾವಾಗಿಂದ?"

ಅದೊಂದೇ ಪ್ರಶ್ನೆ. ಅಲ್ಲಿಯ ತನಕ ಯಾರೂ ಕೇಳದ ಪ್ರಶ್ನೆ. ಹೇಳಿದೆ. ಅವರು ಬಗ್ಗಿ ನೋಡಿದರು, ಹೊಟ್ಟೆಯ ಕೆಳಗೆ ಬೆರಳಿಟ್ಟರು. ಮುಖ ಬಿಗಿಯಾಯಿತು. "ಕಲ್ಲಿನಂಗ ಆಗ್ಯದ. ಮರಿ ಅಲ್ಲ ಇದು. ಮೂತ್ರ ಕಟ್ಟ್ಯದ." ಆಮೇಲೆ ಬಾಲ ಎತ್ತಿ, ಉದ್ದ ಕೂದಲು ಸರಿಸಿ ನೋಡಿದರು.

"ಹೆಸರು ಏನಂದ್ರಿ?"

"ಬೇಗಂ."

"ಬೇಗಂ ಸಾಹೇಬರು ಗಂಡಸರಿದ್ದಾರ್ರಿ."

ಕಮಠಾಣದ ಅಜ್ಜ ನಕ್ಕಿದ್ದು ರಸ್ತೆಗೆ ಕೇಳಿಸಿತು. ಒವೈಸ್ ಭಾಯಿ ನಗಲಿಲ್ಲ. ಬುಟ್ಟಿ ಎತ್ತಿಕೊಂಡು ಒಳಗೆ ಓಡಿದರು.

ಆಪರೇಶನ್ನಿನ ಆಡು ಕಾಯಬೇಕಾಯಿತು. ಮಂಪರಿನ ಮದ್ದು ಕೊಟ್ಟು, ಸಣ್ಣ ನಳಿಕೆ ಹಾಕಿ ದಾರಿ ಬಿಡಿಸಿದರು. ಉಸುಕಿನಂಥ ಪುಡಿ ಬಂತು. ಗಂಡು ಬೆಕ್ಕುಗಳಿಗೆ ದಾರಿ ಸಣ್ಣದು, ಬೇಗ ಕಟ್ಟುತ್ತದಂತೆ. ಕಟ್ಟಿದರೆ ತಡ ಮಾಡುವಂತಿಲ್ಲವಂತೆ. ಎರಡು ದಿನ ಸಲೈನ್ ಮೇಲಿಟ್ಟು ಮೊನ್ನೆ ಸಂಜೆ ಕಳಿಸಿದರು. ಗುಂಡಗಿನ ಹೊಟ್ಟೆ ಬರಿ ಬೊಜ್ಜು. ಒಣ ಮೀನು ಬಂದ್, ನೀರು ಜಾಸ್ತಿ.

ಮನೆಗೆ ಬಂದು ಬುಟ್ಟಿ ತೆರೆದೆ. ಹೊರಗೆ ಬಂದು ಮೈ ಕೊಡವಿ, ನನ್ನ ಹಾಸಿಗೆ ಹತ್ತಿ, ಒಂದೊಂದೇ ಪಂಜವನ್ನು ಎದೆಯ ಕೆಳಗೆ ಮಡಚಿ ಇಟ್ಟುಕೊಂಡಳು. ಮೊದಲು ಬಲಗೈ, ಆಮೇಲೆ ಎಡಗೈ. ನಾನು ಅತ್ತುಬಿಟ್ಟೆ ಆಂಟಿ. ಆಮೇಲೆ ಅಷ್ಟೇ ಜೋರಾಗಿ ನಕ್ಕೆ, ಯಾಕೆಂದರೆ ಪರದೆಗೆ ಉಚ್ಚೆ ಹಾರಿಸುತ್ತಿದ್ದ ಆ ಕಳ್ಳ ಗಂಡು ಬೆಕ್ಕು ಯಾವುದೆಂದು ಆಗ ಹೊಳೆಯಿತು.

ನಿಮ್ಮ ಮಾತು ಮೀರಿದ,
ಸಪನಾ

*

ಔರಾದ
16 ಅಕ್ಟೋಬರ್ 2024

ಸಪನಾ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಮೊದಲನೇದು ಓದಿ ನಿನ್ನ ಬೈದೆ. ಎರಡನೇದು ಓದಿ ನನ್ನ ಬೈಕೊಂಡೆ. ಶಾಲೋಮಗ ಓದಿ ಹೇಳ್ದೆ, ಆಕಿ ನಕ್ಕೂ ನಕ್ಕೂ ಕೂಸು ಎದ್ದು ಬಿಡ್ತು. "ಮಮ್ಮಿ, ಅರ್ಧ ಬೀದರ ನಿನ್ನ ಕೈಯಾಗ ಹುಟ್ಟ್ಯದಲ್ಲ, ಅವರೆಲ್ಲ ಒಂದು ಸಲ ತಿರುಗಿ ನೋಡ್ಕೊಳ್ಳೋದು ಛಲೋ" ಅಂದ್ಳು. ಮೊಮ್ಮಗಳಿಂದು ಮಾತ್ರ ನಾ ಎರಡು ಸಲ ನೋಡೀನಿ. ಹೆಣ್ಣೇ.

ವಜೀರಬೀ "ಹೆಣ್ಣು" ಅಂದ್ಳು, ನಾ ಮರಿ ಬಾಲಾ ಒಂದು ಸಲ ಎತ್ತಿ "ಹೂಂ" ಅಂದೆ. ಅಷ್ಟೇ ಆಗಿದ್ದು. ಮೊದ್ಲ ಅಂದಿದ್ದೇ ಆಮ್ಯಾಲ ಕಣ್ಣಿಗಿ ಕಾಣ್ತದ.

ಇನ್ನೊಂದು ಮಾತು ಹೇಳ್ಬೇಕಾಗ್ಯದ. ನೀ ಕುರ್ಚಿ ಅಂಚಿನಾಗ ಕೂಡೋದು ನಾನೂ ದಿನಾ ನೋಡೀನಿ. ಕೂಟಕ್ಕ ಬಂದವರಿಗೆಲ್ಲ "ನಮ್ಮ ಬಾಡಿಗಿ ಹುಡುಗಿ ಭಾಳ ಶಾಂತ" ಅಂತ ನಾನೇ ಹೇಳ್ತಿದ್ದೆ. ಮೈ ನೋಡಿ ತಿಳ್ಕೊಳ್ತೀನಿ ಅಂತ ಬರದಾಕಿ ನಾನೇ. ನಿಂದು ತಿಳ್ಕೊಂಡಿರ್ಲಿಲ್ಲ.

ನೀ ಒದರಿದ್ದು ನನ್ನ ಕಿವಿಗಿ ಬೀಳ್ಬೇಕಾಗಿತ್ತು. ಆ ಒಂದು ದನಿ ಸಲುವಾಗಿ ಕಿವಿ ಮಷೀನ ತೊಗೊಳ್ಳಾಮೇನು ಅಂತ ಶಾಲೋಮಗ ಕೇಳೀನಿ.

ಬೇಗಂ ಅಂತ ಇನ್ನ ಹ್ಯಾಂಗ ಕರಿಯೋದು? ಬಾದಶಾ ಅಂತ ಇಡು.

ಆಂಟಿ

*

ಬೀದರ
12 ನವೆಂಬರ್ 2024

ಆಂಟಿಗೆ,

ಬಾದಶಾ ಅಂತ ಮೂರು ದಿನ ಕರೆದೆ. ತಿರುಗಿ ನೋಡಲಿಲ್ಲ. ಬೇಗಂ ಅಂದೆ, ಬಂದ. ವ್ಯಾಕರಣ ಓದಿದ ನನಗೇ ಇನ್ನೂ ಲಿಂಗ ತಪ್ಪುತ್ತಿದೆ, ಅವನಿಗೆ ಆ ಚಿಂತೆ ಇಲ್ಲ.

ದೀಪಾವಳಿ ರಜೆಗೆ ಅವನನ್ನೂ ಬುಟ್ಟಿಯಲ್ಲಿಟ್ಟುಕೊಂಡು ಭಾಲ್ಕಿ ಬಸ್ಸು ಹತ್ತಿ ಭಾತಂಬ್ರಾಕ್ಕೆ, ಅವ್ವನ ಮನೆಗೆ ಹೋಗಿದ್ದೆ. ಭಾಲ್ಕಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಬುಟ್ಟ್ಯಾಗ ಕೋಳಿ ಏನ್ರಿ?" ಅಂತ ಕೇಳಿದ. "ಕೋಳಿ ಅಲ್ರಿ, ಬೇಗಂ" ಅಂದೆ, ಹಿಂದಿನ ಸೀಟಿನ ತನಕ ಕೇಳುವಂತೆ. ಅವ್ವ ಎಲ್ಲ ಕಥೆ ಕೇಳಿ ಒಂದೇ ಮಾತು ಅಂದಳು: "ಜೋರ ಮಾತಾಡಿದಿ ಅಂತಲ್ಲ, ಒಮ್ಮೆ ನನ್ನ ಮುಂದೂ ಮಾತಾಡಿ ತೋರ್ಸು." ಅವ್ವ ಸುಭದ್ರಾಬಾಯಿಯ ಮುಂದೆ ಮಾತಾಡುವುದು ದವಾಖಾನೆಗಿಂತ ಕಷ್ಟ, ನಿಮಗೆ ಗೊತ್ತಲ್ಲ. ಆದರೂ ಮಾತಾಡಿದೆ. ರೊಟ್ಟಿ ತಣ್ಣಗಾಗುವ ತನಕ ಕೇಳಿದಳು.

ಈಗ ವಿಷಯ. ಬೇಗಂನನ್ನು ತೋರಿಸಲು ಹೋದಾಗ ಸಾಜಿದ ಡಾಕ್ಟರು ಒಂದು ಕೆಲಸ ಹೇಳಿದರು. ಶನಿವಾರ ಬೆಕ್ಕು ನಾಯಿ ತರುವವರು ಹೆಚ್ಚು. "ಜನ ಮೂತ್ರ ಕಟ್ಟಿದ ಬೆಕ್ಕಿಗಿ ಹರಳೆಣ್ಣಿ ಕುಡಿಸಿ ಕಡಿಗಿ ನನ್ನ ಹತ್ರ ತರ್ತಾರ. ಹ್ಯಾಂಗ ಕುಂತ್ರ ಆರಾಮ, ಹ್ಯಾಂಗ ಕುಂತ್ರ ತ್ರಾಸ, ಅದನ್ನ ನೀವು ನೋಡಿದಂಗೇ ಒಂದು ಹಾಳಿದಾಗ ಬರದು ಕೊಡ್ರಿ. ಗೋಡಿಗಿ ಹಚ್ಚೋಣ."

ಬರೆಯುವುದಲ್ಲವೇ, ಸಂತೋಷದಿಂದ ಒಪ್ಪಿಕೊಂಡೆ. ಬರೆದೆ, ತಿದ್ದಿದೆ, ಚೆನ್ನಾಗಿ ಬಂತು. ಕಳೆದ ಶನಿವಾರ ಒಯ್ದೆ. ಡಾಕ್ಟರು ಒಳಗಿದ್ದರು. ಬೆಂಚಿನ ಮೇಲೆ ಚೀಲದಲ್ಲಿ ಬೆಕ್ಕಿಟ್ಟುಕೊಂಡ ಒಬ್ಬ ತಾಯಿ, ಹಾಳೆ ನೋಡಿ "ನಂಗ ಉರ್ದು ಬರ್ತದ ಬೇಟಿ, ಇದು ಬರಲ್ಲ" ಅಂದರು. ಔರಾದ ಕಡೆಯ ಒಬ್ಬರಿಗೆ ಮರಾಠಿಯಷ್ಟೇ ಓದಲು ಬರುತ್ತಿತ್ತು. ಮೂರನೆಯವರು ಹಾಳೆಯನ್ನು ತಿರುವುಮುರುವು ಹಿಡಿದು, ಅಕ್ಷರ ಚೆಂದ ಇದೆ ಎಂದು ಹೊಗಳಿ ವಾಪಸು ಕೊಟ್ಟರು.

ಒವೈಸ್ ಭಾಯಿ ನಕ್ಕರು. "ಗೋಡಿ ಮ್ಯಾಲ ಹಚ್ಚಿದ್ದು ಯಾರು ಓದ್ತಾರ್ರಿ ಮೇಡಂ? ಅಲ್ಲಿ ನೋಡ್ರಿ, ಹುಚ್ಚನಾಯಿ ಪೋಸ್ಟರಿಗಿ ಬೆನ್ನು ಹಚ್ಚಿ ಎಲ್ಲರೂ ಹಾಯಾಗಿ ಕುಂತಾರ." "ಬಾಯಿ" ಹೋಗಿ "ಮೇಡಂ" ಆಗಿದ್ದೇನೆ, ಗಮನಿಸಿದಿರಾ.

ಆ ತಾಯಿಯ ಚೀಲದಲ್ಲಿ ನಾನೂ ಇಣುಕಿದೆ. ಬೆಕ್ಕು ಸುತ್ತಿ ಮಲಗಿತ್ತು, ನಿಮ್ಮ ಜಿಲೇಬಿಯೇ. "ಇದಕ್ಕ ಥಂಡಿ ಆಗ್ಯದ ಅಮ್ಮಾ, ಚಾದರ ಹೊಚ್ರಿ" ಅಂದೆ, ನನ್ನ ಅರೆಬರೆ ಉರ್ದುವನ್ನೂ ಬೆರೆಸಿ. ಪಕ್ಕದವರು ತಮ್ಮ ಬೆಕ್ಕನ್ನು ಮುಂದೆ ಸರಿಸಿದರು. ಅವರ ಪಕ್ಕದವರು ಹೇಗೆ ಹೇಗೆ ಎಂದು ಕೇಳುತ್ತ ಎದ್ದು ಬಂದರು.

ಹಾಳೆಯನ್ನು ಡಾಕ್ಟರಿಗೆ ಕೊಡದೆ ಮನೆಗೆ ತಂದೆ. ಅಚ್ಚಿಗೆ ಕಳಿಸುವಷ್ಟು ಶುದ್ಧವಾಗಿದೆ, ಒಂದು ತಪ್ಪೂ ಇಲ್ಲ. ಆದರೆ ಅದು ಆ ಬೆಂಚಿನ ತನಕ ಹೋಗಿ ಮುಟ್ಟುವುದಿಲ್ಲ. ಅವ್ವನಿಗಾಗಲಿ ವಜೀರಬೀಗಾಗಲಿ ಇನ್ನೂ ಹೇಳಿಲ್ಲ, ನಿಮಗೇ ಮೊದಲು. ಬರುವ ಶನಿವಾರ ಬರಿಗೈಯಲ್ಲಿ ಹೋಗುತ್ತೇನೆ. ಎಲ್ಲರೂ ಬಂದು ಕೂತ ಮೇಲೆ ಎದ್ದು ನಿಂತು, ನಾನೇ ಹೇಳುತ್ತೇನೆ.

ನಿಮ್ಮ,
ಸಪನಾ